ಗ್ರೀನ್ ಕಾರ್ಡಿನ ಸಾಲು ಮತ್ತು ನಮ್ಮ ಮನೆಗಳು

(ಪದವೀಧರ ಯುವಕರು ಮತ್ತು ಹೆತ್ತವರಿಗಾಗಿ ಏರ್ಪಡಿಸಲಾದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದೇಶ ಎಂಬುದು ನಮ್ಮ ಮನೆಗಳಿಗೆ ಹೊಸ ಪದವಲ್ಲ. ಜಿದ್ದಾ, ದುಬೈ, ಕುವೈತ್‌ಗಳ ಹೆಸರು ಕೇಳದೆ ಬೆಳೆದ ಮಕ್ಕಳು ಕರಾವಳಿಯ ಮುಸ್ಲಿಮ್ ಕುಟುಂಬಗಳಲ್ಲಿ ವಿರಳ. ಅಲ್ಲಿನ ವ್ಯವಹಾರ ನಮಗೆಲ್ಲ ಬಾಯಿಪಾಠವಾಗಿದೆ. ಮಾಲಕ ವೀಸಾ ಕಳುಹಿಸುತ್ತಾನೆ, ನಾವು ಹೋಗುತ್ತೇವೆ, ದುಡಿಯುತ್ತೇವೆ, ಇಕಾಮಾ ಮುಗಿದಾಗ ಮರಳುತ್ತೇವೆ. ಎಷ್ಟು ವರ್ಷ ದುಡಿದರೂ ಆ ನೆಲ ನಮ್ಮದಾಗದು ಎಂಬುದು ವಿಮಾನ ಏರುವ ದಿನವೇ ನಮಗೆ ತಿಳಿದಿರುತ್ತದೆ.

ಆದರೆ ಈಗ ನಮ್ಮ ಪಟ್ಟಣಗಳ ಮಕ್ಕಳೂ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳನ್ನು ಸೇರಿ, ಅಲ್ಲಿಂದ ಅಮೇರಿಕದ ಕಡೆಗೆ ನೋಡುತ್ತಿದ್ದಾರೆ. ಇಲ್ಲಿ ನಮ್ಮ ಗಲ್ಫ್ ಅನುಭವ ಉಪಯೋಗಕ್ಕೆ ಬರುವುದಿಲ್ಲ. ಮಾತ್ರವಲ್ಲ, ಅದು ನಮ್ಮನ್ನು ದಾರಿ ತಪ್ಪಿಸುತ್ತದೆ. ಅಮೇರಿಕದ ವೀಸಾವನ್ನೂ ಏಜೆಂಟನಿಂದ ಹಣ ಕೊಟ್ಟು ಪಡೆಯುವ ವಸ್ತುವೆಂದು ಭಾವಿಸುವವರಿದ್ದಾರೆ. ಇನ್ನು ಕೆಲವರು ಹುಡುಗ ಅಮೇರಿಕಕ್ಕೆ ಹೋದನೆಂದರೆ ನಾಲ್ಕೈದು ವರ್ಷಗಳಲ್ಲಿ ಗ್ರೀನ್ ಕಾರ್ಡ್ ತಾನಾಗಿ ಬರುತ್ತದೆಂದು ನಂಬಿ ಮನೆ, ಸಾಲ, ಮದುವೆ ಎಲ್ಲವನ್ನೂ ಆ ನಂಬಿಕೆಯ ಮೇಲೆ ನಿಲ್ಲಿಸುತ್ತಾರೆ. ಈ ಎರಡನೆಯ ನಂಬಿಕೆಯೇ ಹೆಚ್ಚು ಅಪಾಯಕಾರಿ. ಭಾರತದಲ್ಲಿ ಹುಟ್ಟಿದ ಒಬ್ಬ ನೌಕರ ಇಂದು ಹೊಸದಾಗಿ ಆ ಸಾಲಿನಲ್ಲಿ ನಿಂತರೆ, ಅವನ ದುಡಿಮೆಯ ವಯಸ್ಸು ಮುಗಿಯುವುದರೊಳಗೆ ಸರದಿ ಬರುವ ಭರವಸೆ ಇಲ್ಲ.

ಮೊದಲು ವೀಸಾದ ವಿಚಾರ. ಪದವಿಯ ಅಗತ್ಯವಿರುವ ಉದ್ಯೋಗಗಳಿಗೆ ಅಮೇರಿಕ ನೀಡುವ ತಾತ್ಕಾಲಿಕ ವೀಸಾವೇ ಎಚ್-1ಬಿ. 1990ರ ವಲಸೆ ಕಾಯ್ದೆ ಅದಕ್ಕೆ ಈ ರೂಪ ನೀಡಿತು. ವರ್ಷಕ್ಕೆ 65 ಸಾವಿರ ಹೊಸ ವೀಸಾಗಳು. ಅಮೇರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20 ಸಾವಿರ. ಮೊದಲು ಮೂರು ವರ್ಷ, ಮತ್ತೆ ಮೂರು ವರ್ಷ, ಹೀಗೆ ಒಟ್ಟು ಆರು ವರ್ಷ. ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಇದಕ್ಕೆ ಅರ್ಜಿ ಹಾಕುವವನು ನೌಕರನಲ್ಲ, ಮಾಲಕ. ಅರ್ಜಿಗಳು ಮಿತಿಯನ್ನು ಮೀರಿದಾಗ ಚೀಟಿ ಎತ್ತಲಾಗುತ್ತದೆ. 2023ರಲ್ಲಿ ನೋಂದಣಿಗಳ ಸಂಖ್ಯೆ 7 ಲಕ್ಷ 80 ಸಾವಿರವನ್ನು ದಾಟಿತ್ತು. ಒಬ್ಬನ ಹೆಸರಿನಲ್ಲೇ ಹಲವು ಕಂಪೆನಿಗಳು ನೋಂದಾಯಿಸುತ್ತಿದ್ದುದನ್ನು ಕಂಡು, 2024ರಿಂದ ಒಬ್ಬ ವ್ಯಕ್ತಿಗೆ ಒಂದೇ ಚೀಟಿ ಎಂಬ ಕ್ರಮ ತರಲಾಯಿತು. 2025ರ ಡಿಸೆಂಬರ್‌ನಲ್ಲಿ ಪ್ರಕಟವಾದ ನಿಯಮವು ಹೆಚ್ಚು ಸಂಬಳದ ಹುದ್ದೆಗೆ ಹೆಚ್ಚು ಅವಕಾಶ ಎಂದು ಚೀಟಿಯ ಕ್ರಮವನ್ನೇ ಬದಲಿಸಿತು. ಅಂದರೆ ಹೊಸದಾಗಿ ಓದು ಮುಗಿಸಿದ ಹುಡುಗನ ಚೀಟಿ ಇನ್ನಷ್ಟು ಹಗುರವಾಯಿತು.

2025ರ ಸೆಪ್ಟೆಂಬರ್ 19ರ ಘಟನೆ ನಿಮಗೆ ನೆನಪಿರಬಹುದು. ಅಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊರಡಿಸಿದ ಘೋಷಣೆಯು ಹೊಸ ಎಚ್-1ಬಿ ಅರ್ಜಿಯ ಮೇಲೆ ಒಂದು ಲಕ್ಷ ಡಾಲರ್‌ಗಳ ಪಾವತಿಯನ್ನು ಹೇರಿತು. ಹಳೆಯ ವೀಸಾದವರಿಗೆ ಇದು ಅನ್ವಯಿಸದು ಎಂಬ ಸ್ಪಷ್ಟನೆ ಮರುದಿನ ಬಂತು. ಆದರೆ ಅಷ್ಟರಲ್ಲಾಗಲೇ ರಜೆಯಲ್ಲಿ ಊರಿಗೆ ಬಂದಿದ್ದವರು ಪೆಟ್ಟಿಗೆ ಕಟ್ಟಿ ವಿಮಾನ ನಿಲ್ದಾಣಗಳಿಗೆ ಧಾವಿಸಿದ್ದರು. ಹತ್ತು ಹದಿನೈದು ವರ್ಷ ತೆರಿಗೆ ಕಟ್ಟಿ ಬದುಕಿದ ಊರಿಗೆ ಮರಳಿ ಪ್ರವೇಶ ಸಿಕ್ಕೀತೇ ಎಂದು ಒಂದು ರಾತ್ರಿ ನಿದ್ದೆಗೆಡಬೇಕಾದ ಸ್ಥಿತಿ ಅವರದಾಗಿತ್ತು. ಎಚ್-1ಬಿ ವೀಸಾ ಎಷ್ಟು ಗಟ್ಟಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಗ್ರೀನ್ ಕಾರ್ಡ್. ಈ ಸಾಲು ಇಷ್ಟು ಉದ್ದವಾದುದೇಕೆ ಎಂಬುದನ್ನು ಅರಿಯಲು ಸ್ವಲ್ಪ ಚರಿತ್ರೆಯ ಕಡೆಗೆ ಕಣ್ಣು ಹಾಯಿಸಬೇಕು. ಪಂಜಾಬಿನಿಂದ ಹೋದ ಭಗತ್ ಸಿಂಗ್ ಥಿಂಡ್ ಪ್ರಥಮ ಮಹಾಯುದ್ಧದ ಕಾಲದಲ್ಲಿ ಅಮೇರಿಕದ ಸೈನಿಕರಾಗಿದ್ದರು. 1923ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಅವರು ಬಿಳಿಯರಲ್ಲ, ಆದ್ದರಿಂದ ಪೌರರಾಗಲು ಅರ್ಹರಲ್ಲ ಎಂದು ತೀರ್ಪಿತ್ತಿತು. 1946ರ ಕಾನೂನು ಭಾರತೀಯರಿಗೆ ಬಾಗಿಲನ್ನು ತುಸು ತೆರೆಯಿತು. ಎಷ್ಟು? ವರ್ಷಕ್ಕೆ 100 ಮಂದಿಗೆ! 1965ರ ಕಾನೂನು ಜನಾಂಗದ ಆಧಾರದ ಈ ಕೋಟಾಗಳನ್ನು ರದ್ದುಗೊಳಿಸಿ ಎಲ್ಲ ದೇಶಗಳನ್ನೂ ಸಮಾನವಾಗಿ ಕಾಣುವುದಾಗಿ ಸಾರಿತು. ಆ ಸಮಾನತೆಯ ಇಂದಿನ ರೂಪವೇ ಶೇ. 7ರ ಮಿತಿ.

ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 40 ಸಾವಿರ ಗ್ರೀನ್ ಕಾರ್ಡುಗಳನ್ನು ನೀಡಲಾಗುತ್ತದೆ. ನೌಕರನ ಪತ್ನಿ ಮತ್ತು ಮಕ್ಕಳ ಕಾರ್ಡುಗಳೂ ಇದೇ ಲೆಕ್ಕದಲ್ಲಿ ಸೇರುತ್ತವೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಇದರಲ್ಲಿ ಶೇ. 7ಕ್ಕಿಂತ ಹೆಚ್ಚು ಸಿಗದು, ಇತರರು ಬಳಸದೆ ಉಳಿದದ್ದನ್ನು ಬಿಟ್ಟರೆ. ಐಸ್‌ಲ್ಯಾಂಡಿಗೂ ಇದೇ ಮಿತಿ, ಭಾರತಕ್ಕೂ ಇದೇ ಮಿತಿ. ಆದರೆ ಎಚ್-1ಬಿ ನೀಡುವಾಗ ಇಂತಹ ಯಾವ ಮಿತಿಯೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಮಂಜೂರಾದ ಎಚ್-1ಬಿ ಅರ್ಜಿಗಳಲ್ಲಿ ಶೇ. 70ಕ್ಕಿಂತಲೂ ಹೆಚ್ಚು ಭಾರತೀಯರದ್ದು. ದುಡಿಯಲು ಕರೆಯುವಾಗ ಹೆಬ್ಬಾಗಿಲು, ನೆಲೆಸಲು ಬಿಡುವಾಗ ಕಿಟಕಿ!

ಪರಿಣಾಮವೇನು? ಅಮೇರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ವೀಸಾ ಬುಲೆಟಿನ್ ಎಂಬ ಪ್ರಕಟಣೆ ಹೊರಡಿಸುತ್ತದೆ. ಯಾವ ದಿನಾಂಕದಂದು ಸಾಲಿಗೆ ಸೇರಿದವರ ಸರದಿ ಈಗ ಬಂದಿದೆ ಎಂಬುದನ್ನು ಅದು ಹೇಳುತ್ತದೆ. 2025ರ ಬುಲೆಟಿನ್‌ಗಳಲ್ಲಿ ಇಬಿ-2, ಇಬಿ-3 ಎಂಬ ಎರಡು ಮುಖ್ಯ ವಿಭಾಗಗಳಲ್ಲೂ ಭಾರತದ ಸಾಲು 2012-13ರ ಆಸುಪಾಸಿನಲ್ಲೇ ತೆವಳುತ್ತಿತ್ತು. ಹಾಗೆಂದು ಹನ್ನೆರಡು ವರ್ಷ ಕಾದರೆ ಸಾಕು ಎಂದು ಲೆಕ್ಕ ಹಾಕಬೇಡಿ. ಸಾಲು ವರ್ಷಕ್ಕೆ ಒಂದು ವರ್ಷದಂತೆ ಮುಂದೆ ಹೋಗುವುದಿಲ್ಲ. ಕೆಲವು ತಿಂಗಳುಗಳಲ್ಲಿ ಅಲುಗಾಡುವುದಿಲ್ಲ, ಕೆಲವೊಮ್ಮೆ ಹಿಂದಕ್ಕೂ ಸರಿಯುತ್ತದೆ. ವಾಷಿಂಗ್ಟನ್ನಿನ ಕೇಟೋ ಸಂಸ್ಥೆ 2023ರಲ್ಲಿ ಮಾಡಿದ ಅಂದಾಜಿನ ಪ್ರಕಾರ, ಈ ಸಾಲಿನಲ್ಲಿರುವ ಭಾರತೀಯರು ಸುಮಾರು 11 ಲಕ್ಷ. ಹೊಸದಾಗಿ ಸೇರುವವನು ಕಾಯಬೇಕಾದ ಅವಧಿ 134 ವರ್ಷ. ಇದು ಲೆಕ್ಕದ ಮೇಲಿನ ಅಂದಾಜು ಮಾತ್ರ. ನೂರಾ ಮೂವತ್ತನಾಲ್ಕು ವರ್ಷ ಕಾಯುವ ಮನುಷ್ಯ ಇನ್ನೂ ಹುಟ್ಟಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 2014ರಲ್ಲಿ ಒಬ್ಬನ ಪರವಾಗಿ ಅವನ ಮಾಲಕ ಅರ್ಜಿ ಹಾಕಿದ. ಆಗ ಅವನ ಮಗಳಿಗೆ ಆರು ವರ್ಷ. 2025 ಮುಗಿದಾಗ ಅವಳಿಗೆ ಹದಿನೇಳು. ತಂದೆ ಇನ್ನೂ ಸಾಲಿನಲ್ಲೇ ಇದ್ದಾನೆ. 2029ರಲ್ಲಿ ಅವಳಿಗೆ 21 ತುಂಬುತ್ತದೆ. ಅದರೊಳಗೆ ಸರದಿ ಬಾರದಿದ್ದರೆ ಅವಳು ಕಾನೂನಿನ ಕಣ್ಣಿನಲ್ಲಿ ತಂದೆಯ ಅವಲಂಬಿತಳಲ್ಲ. ವಿದ್ಯಾರ್ಥಿ ವೀಸಾವನ್ನೋ ಬೇರಾವುದನ್ನೋ ಸ್ವಂತವಾಗಿ ಪಡೆಯಬೇಕು, ಇಲ್ಲವೇ ತಾನು ಸರಿಯಾಗಿ ನೋಡಿಯೇ ಇಲ್ಲದ 'ತಾಯ್ನಾಡಿಗೆ' ಮರಳಬೇಕು.

ಇದರ ವಿರುದ್ಧ ಪ್ರತಿಭಟನೆಗಳೂ ನಡೆದಿವೆ. 2007ರ ಜುಲೈ ತಿಂಗಳ ಬುಲೆಟಿನ್ ಬಹುತೇಕ ಎಲ್ಲ ಸಾಲುಗಳೂ ತೆರೆದಿವೆ ಎಂದು ಸಾರಿತ್ತು. ಜನರು ವೈದ್ಯಕೀಯ ತಪಾಸಣೆ ಮಾಡಿಸಿ, ವಕೀಲರಿಗೆ ಹಣ ತೆತ್ತು ಅರ್ಜಿಗಳನ್ನು ಕಳುಹಿಸಿದರು. ಜುಲೈ 2ರಂದು ಬಾಗಿಲು ಮುಚ್ಚಿದೆ ಎಂಬ ಪ್ರಕಟಣೆ ಹೊರಬಿತ್ತು. ಆಗ ಭಾರತೀಯ ನೌಕರರು ವಲಸೆ ಇಲಾಖೆಯ ನಿರ್ದೇಶಕರಿಗೆ ನೂರಾರು ಹೂಗುಚ್ಛಗಳನ್ನು ಕಳುಹಿಸಿದರು. 2006ರಲ್ಲಿ ತೆರೆಕಂಡ 'ಲಗೇ ರಹೋ ಮುನ್ನಾಭಾಯಿ' ಚಿತ್ರದ ಗಾಂಧಿಗಿರಿಯಿಂದ ಪಡೆದ ಸ್ಫೂರ್ತಿ ಅದು. ಇಲಾಖೆ ಆ ಹೂಗಳನ್ನು ಗಾಯಾಳು ಸೈನಿಕರ ಆಸ್ಪತ್ರೆಗೆ ಕಳುಹಿಸಿಕೊಟ್ಟಿತು. ಜುಲೈ 17ರಂದು ನಿರ್ಧಾರವನ್ನು ಬದಲಿಸಿ, ಅರ್ಜಿ ಸಲ್ಲಿಸಲು ಒಂದು ತಿಂಗಳ ಕಾಲಾವಕಾಶ ನೀಡಿತು. ಆ ವಾರಗಳಲ್ಲಿ ಅರ್ಜಿ ಸಲ್ಲಿಸಿದವರು ಅದೃಷ್ಟವಂತರು.

ದೇಶವಾರು ಮಿತಿಯನ್ನು ತೆಗೆದುಹಾಕುವ ಮಸೂದೆಯನ್ನು 2019ರಲ್ಲಿ ಅಮೇರಿಕದ ಕೆಳಮನೆ 365-65 ಮತಗಳಿಂದ ಅಂಗೀಕರಿಸಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೊಂದು ರೂಪದಲ್ಲಿ ಒಪ್ಪಿತು. ಎರಡೂ ಕೂಡಿಬಾರದೆ ಅದು ಕಾನೂನಾಗಲೇ ಇಲ್ಲ. ಈ ಮಸೂದೆಗೆ ಇತರ ದೇಶಗಳ ವಲಸಿಗರ, ವಿಶೇಷವಾಗಿ ಇರಾನ್ ಮೂಲದವರ ವಿರೋಧವೂ ಇತ್ತು. ಮಿತಿ ತೆಗೆದರೆ ಹಲವು ವರ್ಷಗಳ ಕಾಲ ಹೆಚ್ಚಿನ ಕಾರ್ಡುಗಳು ಭಾರತೀಯರ ಪಾಲಾಗಿ ತಾವು ಕಾಯಬೇಕಾದೀತು ಎಂಬುದು ಅವರ ವಾದ. ನಮ್ಮ ಜನರಿಗೆ ಲಾಭವಿದೆ ಎಂಬ ಕಾರಣಕ್ಕೆ ಆ ವಾದವನ್ನು ತಳ್ಳಿಹಾಕುವುದು ನ್ಯಾಯವಲ್ಲ. ರೊಟ್ಟಿ ಒಂದೇ ಇರುವಾಗ ಹಂಚುವ ರೀತಿ ಬದಲಿಸಿದರೆ ಹಸಿವು ಒಬ್ಬನಿಂದ ಇನ್ನೊಬ್ಬನಿಗೆ ವರ್ಗವಾಗುತ್ತದೆ ಅಷ್ಟೇ. 1990ರಲ್ಲಿ ನಿಗದಿಯಾದ 1 ಲಕ್ಷ 40 ಸಾವಿರ ಎಂಬ ಸಂಖ್ಯೆಯನ್ನು ಮೂರೂವರೆ ದಶಕಗಳಾದರೂ ಹೆಚ್ಚಿಸದಿರುವುದೇ ಮೂಲ ರೋಗ.

ಈಗ ನಮ್ಮವರಿಗೆ ಅತ್ಯಂತ ಮುಖ್ಯವಾದ, ಆದರೆ ನಮ್ಮಲ್ಲಿ ಬಹಳ ಕಡಿಮೆ ಜನರಿಗೆ ತಿಳಿದಿರುವ ಒಂದು ವಿಷಯಕ್ಕೆ ಬರೋಣ. ಸಾಲನ್ನು ನಿರ್ಧರಿಸುವುದು ಪೌರತ್ವವಲ್ಲ, ಹುಟ್ಟಿದ ದೇಶ. ಭಾರತದ ಪಾಸ್‌ಪೋರ್ಟ್ ಹೊಂದಿದ್ದು, ಜಿದ್ದಾದಲ್ಲೋ ಕುವೈತಿನಲ್ಲೋ ಹುಟ್ಟಿದವನನ್ನು ಅಮೇರಿಕದ ಕಾನೂನು ಭಾರತದ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಅವನು ಸೌದಿ ಅರೇಬಿಯಾದ ಅಥವಾ ಕುವೈತಿನ ಲೆಕ್ಕಕ್ಕೆ ಸೇರುತ್ತಾನೆ. ಆ ಸಾಲು ಭಾರತದ್ದಕ್ಕಿಂತ ಬಹಳ ಚಿಕ್ಕದು. ಅಷ್ಟೇ ಅಲ್ಲ, ಪತಿ ಭಟ್ಕಳದಲ್ಲಿ ಹುಟ್ಟಿ ಪತ್ನಿ ದುಬೈಯಲ್ಲಿ ಹುಟ್ಟಿದ್ದರೆ, ಇಬ್ಬರೂ ಒಟ್ಟಿಗೆ ಅರ್ಜಿ ಸಲ್ಲಿಸುವಾಗ ಪತಿಯು ಪತ್ನಿಯ ಜನ್ಮ ದೇಶದ ಲೆಕ್ಕದಲ್ಲಿ ಸೇರಬಹುದು. ಮಗುವಿನ ಜನ್ಮಸ್ಥಳದಿಂದ ಮಾತ್ರ ತಂದೆ ತಾಯಿಗೆ ಈ ಪ್ರಯೋಜನ ಸಿಗದು.

ವಿಪರ್ಯಾಸ ನೋಡಿ! ನಮ್ಮ ಮಕ್ಕಳು ಯಾವ ಆಸ್ಪತ್ರೆಯಲ್ಲಿ ಹುಟ್ಟಿದರೋ ಆ ದೇಶ ಅವರನ್ನು ತನ್ನವರೆನ್ನಲಿಲ್ಲ. ತಂದೆಯ ಇಕಾಮಾ ಮುಗಿದಾಗ ಅವರೂ ಹೊರಟು ಬಂದರು. ಆದರೆ ಆ ಹುಟ್ಟನ್ನು ಮೂರನೆಯ ಒಂದು ದೇಶ ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ಗಲ್ಫ್‌ನಿಂದ ಮರಳಿದ ಹಿರಿಯರೇ, ಮಕ್ಕಳ ಮೂಲ ಜನನ ಪತ್ರವನ್ನು ಹುಡುಕಿ ತೆಗೆದಿಡಿ. ಕಳೆದುಹೋಗಿದ್ದರೆ ಆ ದೇಶದಲ್ಲಿ ಇನ್ನೂ ಬಂಧುಗಳಿರುವಾಗಲೇ ನಕಲು ಪ್ರತಿ ಪಡೆಯಲು ಪ್ರಯತ್ನಿಸಿ. (ಇದನ್ನು ಕೇಳಿದ ಬಳಿಕ ವಧು ಹುಡುಕುವವರು ಹುಡುಗಿಯ ಹುಟ್ಟೂರು ವಿಚಾರಿಸುವ ಹೊಸ ಚಟ ಹಚ್ಚಿಕೊಳ್ಳಬಾರದೆಂದು ವಿನಂತಿ!)

ಮದುವೆಯ ಮಾತು ಬಂದುದರಿಂದ ಅದನ್ನೂ ಹೇಳಿಬಿಡೋಣ. ಹುಡುಗ ಅಮೇರಿಕದಲ್ಲಿದ್ದಾನೆ ಎಂದೊಡನೆ ಹೆಣ್ಣಿನ ಮನೆಯವರು ಬೇರೆ ಪ್ರಶ್ನೆಗಳನ್ನೇ ಕೇಳುವುದಿಲ್ಲ. ಎಚ್-1ಬಿ ನೌಕರನ ಪತ್ನಿಗೆ ಸಿಗುವುದು ಎಚ್-4 ವೀಸಾ. ಅದರಲ್ಲಿ ವಾಸಿಸಬಹುದು, ಓದಬಹುದು, ದುಡಿಯುವಂತಿಲ್ಲ. ಪತಿಯ ಗ್ರೀನ್ ಕಾರ್ಡ್ ಅರ್ಜಿಯ ಐ-140 ಎಂಬ ಹಂತ ಮಂಜೂರಾಗಿದ್ದರೆ ಕೆಲಸದ ಪರವಾನಿಗೆ ಕೇಳಬಹುದೆಂಬ ನಿಯಮ 2015ರಲ್ಲಿ ಬಂತು. ಇಲ್ಲಿ ವೈದ್ಯೆಯಾಗಿದ್ದವಳು, ಅಧ್ಯಾಪಿಕೆಯಾಗಿದ್ದವಳು ಅಲ್ಲಿ ಹೋಗಿ ವರ್ಷಗಟ್ಟಲೆ ಕೈಕಟ್ಟಿ ಕುಳಿತುಕೊಳ್ಳುವುದನ್ನು ಯಾವ ನಿಕಾಹ್‌ನ ಮಾತುಕತೆಯಲ್ಲಿ ಯಾರು ತಿಳಿಸಿದ್ದಾರೆ? ಮಹ್ರ್ ಎಷ್ಟೆಂದು ಕೇಳುವ ಹಕ್ಕು ಅವಳಿಗಿರುವಂತೆ, ಐ-140 ಮಂಜೂರಾಗಿದೆಯೇ, ವೀಸಾದ ಆರು ವರ್ಷಗಳಲ್ಲಿ ಎಷ್ಟು ಕಳೆದಿದೆ, ಸರದಿಯ ದಿನಾಂಕ ಯಾವುದು ಎಂದು ಕೇಳುವ ಹಕ್ಕೂ ಅವಳಿಗಿದೆ. ಅದನ್ನು ಅಗೌರವವೆಂದು ತಿಳಿಯುವ ವರನ ಕಡೆಯವರ ಬಗ್ಗೆ ಎಚ್ಚರದಿಂದಿರುವುದೇ ಲೇಸು.

ಅವಲಂಬಿತ ವೀಸಾ ಎಂದರೆ ಏನೆಂಬುದನ್ನು 2017ರ ಫೆಬ್ರವರಿ 22ರ ದುರಂತ ಜಗತ್ತಿಗೆ ತೋರಿಸಿತು. ಕಾನ್ಸಾಸ್ ರಾಜ್ಯದ ಒಲೇತದಲ್ಲಿ ಇಂಜಿನಿಯರ್ ಶ್ರೀನಿವಾಸ್ ಕೂಚಿಭೋಟ್ಲರನ್ನು ಒಬ್ಬ ವ್ಯಕ್ತಿ ಗುಂಡಿಟ್ಟು ಕೊಂದ. ಅವರನ್ನು ಇರಾನಿನವರೆಂದು ಭಾವಿಸಿದ್ದ. ದ್ವೇಷಕ್ಕೆ ಬಲಿಯಾಗುವವನ ಧರ್ಮವನ್ನು ಪರಿಶೀಲಿಸುವ ವ್ಯವಧಾನವೂ ಇರುವುದಿಲ್ಲ. ತಡೆಯಲು ಮುಂದಾದ ಇಯಾನ್ ಗ್ರಿಲಟ್ ಎಂಬ ಅಮೇರಿಕನ್ ಯುವಕ ತಾನೂ ಗುಂಡೇಟು ತಿಂದ ಎಂಬುದನ್ನೂ ಮರೆಯಬಾರದು. ಪತಿಯ ಸಾವಿನೊಂದಿಗೆ ಪತ್ನಿ ಸುನಯನಾ ದುಮಾಲರ ವಾಸದ ಹಕ್ಕೂ ಕೊನೆಗೊಂಡಿತು! ಅಂತ್ಯಸಂಸ್ಕಾರಕ್ಕೆ ಹೈದರಾಬಾದಿಗೆ ಬಂದ ಆಕೆ ಮರಳಿ ಹೋಗಲು ಅಲ್ಲಿನ ಸಂಸದ ಕೆವಿನ್ ಯೋಡರ್ ಮಧ್ಯ ಪ್ರವೇಶಿಸಬೇಕಾಯಿತು. ಎಲ್ಲ ವಿಧವೆಯರಿಗೂ ಒಬ್ಬ ಸಂಸದ ಸಿಗುವುದಿಲ್ಲ.

ಹೆತ್ತವರಿಗೆ ಒಂದು ಮಾತು. ಮಗ ಎಚ್-1ಬಿಯಲ್ಲಿರುವಾಗ ನೀವು ಅಲ್ಲಿಗೆ ಅತಿಥಿಗಳಾಗಿ ಮಾತ್ರ ಹೋಗಬಹುದು, ಸಾಮಾನ್ಯವಾಗಿ ಆರು ತಿಂಗಳ ಮಟ್ಟಿಗೆ. ಗ್ರೀನ್ ಕಾರ್ಡ್ ಸಿಕ್ಕಿದ ಬಳಿಕವೂ ಅವನು ನಿಮಗಾಗಿ ಅರ್ಜಿ ಹಾಕುವಂತಿಲ್ಲ. ಕಾರ್ಡ್ ಪಡೆದು ಸಾಮಾನ್ಯವಾಗಿ ಐದು ವರ್ಷಗಳ ನಂತರ ಪೌರನಾದ ಮೇಲೆಯೇ ಆ ಹಕ್ಕು. ಮುಪ್ಪಿನಲ್ಲಿ ಮಗನ ಆಸರೆಯ ಲೆಕ್ಕಾಚಾರ ಹಾಕುವಾಗ ಇದೂ ನಿಮ್ಮ ಗಮನದಲ್ಲಿರಲಿ.

ಹೊರಡಲು ಸಿದ್ಧರಾಗಿರುವ ಯುವಕರು ತಮ್ಮ ಹಕ್ಕುಗಳನ್ನಾದರೂ ತಿಳಿದುಕೊಂಡು ಹೊರಡಲಿ. ಎಚ್-1ಬಿ ಅರ್ಜಿಯ ಸರಕಾರಿ ಶುಲ್ಕವನ್ನೂ ವಕೀಲರ ಖರ್ಚನ್ನೂ ನೌಕರನ ಸಂಬಳದಿಂದ ಕೀಳುವಂತಿಲ್ಲ. ಗ್ರೀನ್ ಕಾರ್ಡಿನ ಮೊದಲ ಹಂತವಾದ ಕಾರ್ಮಿಕ ಪ್ರಮಾಣೀಕರಣದ ವೆಚ್ಚ ಪೂರ್ತಿಯಾಗಿ ಮಾಲಕನದ್ದು. ಕೆಲಸವಿಲ್ಲ ಎಂದು 'ಬೆಂಚ್' ಮೇಲೆ ಕೂರಿಸಿದರೂ ಸಂಬಳ ಕೊಡಲೇಬೇಕು. ಅದೇ ಪ್ರದೇಶದಲ್ಲಿ ಅದೇ ಕೆಲಸಕ್ಕೆ ಇರುವ ರೂಢಿಯ ಸಂಬಳಕ್ಕಿಂತ ಕಡಿಮೆ ಕೊಡುವಂತಿಲ್ಲ. ಇಷ್ಟಿದ್ದೂ 'ವೀಸಾಕ್ಕೆ ಇಷ್ಟು ಲಕ್ಷ' ಎಂದು ಕೇಳುವ ಮಧ್ಯವರ್ತಿ ಎದುರಾದರೆ, ಅವನು ನಿಮಗೆ ಮಾರುತ್ತಿರುವುದು ವೀಸಾ ಅಲ್ಲ, ಮೋಸ. 2000ದ ಕಾನೂನಿನಿಂದಾಗಿ ಹೊಸ ಮಾಲಕ ಅರ್ಜಿ ಸಲ್ಲಿಸಿದೊಡನೆ ಹೊಸ ಕೆಲಸ ಆರಂಭಿಸಬಹುದು. ಐ-140 ಮಂಜೂರಾಗಿ 180 ದಿನ ಕಳೆದ ಮೇಲೆ ಹಳೆಯ ಮಾಲಕ ಅದನ್ನು ಹಿಂತೆಗೆದರೂ ಸಾಮಾನ್ಯವಾಗಿ ಸರದಿಯ ದಿನಾಂಕ ನಿಮ್ಮದಾಗಿಯೇ ಉಳಿಯುತ್ತದೆ. ಆರು ವರ್ಷ ಮೀರಿದ ಬಳಿಕವೂ ವೀಸಾ ವಿಸ್ತರಿಸಲು ಇದೇ ಆಧಾರ. ಆದ್ದರಿಂದ ಆ ಮಂಜೂರಾತಿ ಪತ್ರದ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳ ಕಾಲಾವಕಾಶ. ಅಷ್ಟರಲ್ಲಿ ಹೊಸ ಮಾಲಕ ಸಿಗಬೇಕು ಅಥವಾ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಅಲ್ಲಿ ಮನೆ ಸಾಲ ಮಾಡುವ ಮುನ್ನ ಈ ಅರವತ್ತು ದಿನಗಳನ್ನು ಎಣಿಸಿ.

ಕೊನೆಯದಾಗಿ ಕಾಗದ ಪತ್ರಗಳು. ಇದರಲ್ಲಿ ನಮ್ಮ ಸಮುದಾಯದ ನಿರ್ಲಕ್ಷ್ಯ ಹಳೆಯದು. ಶಾಲೆಯಲ್ಲಿ 'ಮಹಮ್ಮದ್', ಅಂಕಪಟ್ಟಿಯಲ್ಲಿ 'ಎಂ.ಡಿ.', ಪಾಸ್‌ಪೋರ್ಟಿನಲ್ಲಿ 'ಮೊಹಮ್ಮದ್', ಜಮಾಅತ್‌ನ ನಿಕಾಹ್ ಪುಸ್ತಕದಲ್ಲಿ ಇನ್ನೊಂದು. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಬಿಟ್ಟಿದ್ದರೆ ಅಮೇರಿಕದ ವೀಸಾದಲ್ಲಿ ಪೂರ್ತಿ ಹೆಸರು ಉಪನಾಮವಾಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ! ಬ್ಯಾಂಕಿನಿಂದ ಹಿಡಿದು ವಾಹನ ಚಾಲನಾ ಪರವಾನಿಗೆಯ ತನಕ ಇದು ಬೆನ್ನು ಬಿಡುವುದಿಲ್ಲ. 2001ರ ಬಳಿಕ ಮುಸ್ಲಿಮ್ ಹೆಸರಿನವರ ಅರ್ಜಿಗಳು ಭದ್ರತಾ ತಪಾಸಣೆಯ ಹೆಸರಿನಲ್ಲಿ ವರ್ಷಗಟ್ಟಲೆ ನಿಂತ ಪ್ರಕರಣಗಳಿವೆ. 2008ರಲ್ಲಿ ಆರಂಭವಾದ ಇಂತಹ ಒಂದು ಗುಪ್ತ ಕ್ರಮದ ವಿರುದ್ಧ 2017ರಲ್ಲಿ ಅಲ್ಲಿನ ನಾಗರಿಕ ಹಕ್ಕುಗಳ ಸಂಘಟನೆಯಾದ ಎಸಿಎಲ್‌ಯು ನ್ಯಾಯಾಲಯದ ಮೆಟ್ಟಲೇರಿತ್ತು. ಆ ತಾರತಮ್ಯವನ್ನು ನಾವು ಇಲ್ಲಿಂದ ಸರಿಪಡಿಸಲಾರೆವು. ಆದರೆ ಎಲ್ಲ ದಾಖಲೆಗಳಲ್ಲೂ ಹೆಸರಿನ ಅಕ್ಷರಗಳು ಒಂದೇ ಆಗಿರುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಮಗುವನ್ನು ಶಾಲೆಗೆ ಸೇರಿಸುವ ದಿನ ಮಾಡಬೇಕಾದ ಕೆಲಸ ಅದು. ಮದುವೆಯನ್ನು ಜಮಾಅತ್‌ನ ಪುಸ್ತಕದಲ್ಲಿ ಬರೆಸಿದರೆ ಸಾಲದು, ಸರಕಾರದ ನೋಂದಣಿಯನ್ನೂ ಮಾಡಿಸಿಡಿ. ಇನ್ನು ನಮ್ಮ ಮೂರು ವರ್ಷದ ಬಿ.ಕಾಂ., ಬಿ.ಎಸ್ಸಿ. ಪದವಿಗಳು ಅಲ್ಲಿನ ನಾಲ್ಕು ವರ್ಷದ ಪದವಿಗೆ ಸಮನಲ್ಲ. ಎಚ್-1ಬಿಗಾಗಿ ಕೊರತೆಯ ಒಂದು ವರ್ಷವನ್ನು ಮೂರು ವರ್ಷದ ಅನುಭವದಿಂದ ತುಂಬಿಸಬಹುದು. ಗ್ರೀನ್ ಕಾರ್ಡಿನ ಹಂತದಲ್ಲಿ ಆ ಲೆಕ್ಕ ಸುಲಭವಾಗಿ ನಡೆಯುವುದಿಲ್ಲ. (ನಮ್ಮ ಮದ್ರಸಾ ಸನದಿನ ಬಗ್ಗೆಯಂತೂ ಕೇಳಲೇಬೇಡಿ.)

ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಐದಾರು ವರ್ಷ ದುಡಿದು, ಕಲಿತು, ಒಂದಿಷ್ಟು ಉಳಿಸಿ ಮರಳುವ ಲೆಕ್ಕದಲ್ಲಿ ಹೊರಟವನಿಗೆ ಅಮೇರಿಕ ಇಂದಿಗೂ ಒಳ್ಳೆಯ ಪಾಠಶಾಲೆ. ಕೆನಡಾದಂತಹ ದೇಶಗಳು ಕಾಯಂ ವಾಸದ ಅರ್ಜಿಯನ್ನು ಹುಟ್ಟಿದ ದೇಶ ನೋಡದೆ, ವಯಸ್ಸು, ಓದು, ಭಾಷೆಗಳಿಗೆ ಅಂಕ ನೀಡಿ ಪರಿಗಣಿಸುತ್ತವೆ. ಅದನ್ನೂ ತುಲನೆ ಮಾಡಿ ನೋಡಬಹುದು. ಈಗಾಗಲೇ ಸಾಲಿನಲ್ಲಿರುವವರ ಮನೆಗಳಲ್ಲಂತೂ ಮಕ್ಕಳ 21ನೇ ಜನ್ಮದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಎರಡು ಮೂರು ವರ್ಷ ಮುಂಚೆಯೇ ವಕೀಲರನ್ನು ಕಾಣಬೇಕು.

ಪ್ರಶ್ನೆಗಳಿಗೆ ಅರ್ಧ ಗಂಟೆ ಇದೆ. ಹಿಂದಿನ ಸಾಲುಗಳಲ್ಲಿರುವ ಸಹೋದರಿಯರ ಚೀಟಿಗಳನ್ನು ಮೊದಲು ತೆಗೆದುಕೊಳ್ಳೋಣ.